ಉಳಿದ ಏಳು ದಿನ

2020ನೆಯ ಇಸವಿಯ ಜುಲೈ ತಿಂಗಳಲ್ಲಿ ನಮ್ಮ ಅಕ್ಕ ಹನ್ನೆರಡು ದಿನ ಒಂದು ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿದ್ದು, ಗುಣವಾಗಿ ಮನೆಗೆ ಬಂದಳು. ಅವಳ ಜೊತೆಗೆ ಒಂದು ಚೀಲವೂ ಬಂತು. ಎರಡು ಸೀರೆ, ಒಂದು ಟವೆಲು, ನೀರಿನ ಬಾಟಲು, ಒಂದು ಬಾಚಣಿಗೆ, ಅವಳ ಕನ್ನಡಕ—ಅದರಲ್ಲಿದ್ದದ್ದು ಇಷ್ಟೆ. ಅಕ್ಕನಿಂದ ಇನ್ನು ಯಾರಿಗೂ ಅಪಾಯವಿಲ್ಲವೆಂದು ವೈದ್ಯರು ಹೇಳಿ ಕಳುಹಿಸಿದ್ದರು. ಚೀಲದ ವಿಷಯದಲ್ಲಿ ಅವರು ಏನನ್ನೂ ಹೇಳಿರಲಿಲ್ಲವಾದ್ದರಿಂದ ಆ ತೀರ್ಮಾನ ನನ್ನ ಪಾಲಿಗೆ ಬಂತು. ನಾನು ಅದನ್ನು ಒಂದು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಹೋಗಿ, ತಾರಸಿಯಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟು ಬಂದೆ.

ವೈರಸ್ಸು ಪ್ಲಾಸ್ಟಿಕ್ಕಿನ ಮೇಲೆ ಮೂರು ದಿನ ಬದುಕಿರಬಹುದೆಂದು ಪತ್ರಿಕೆಗಳಲ್ಲಿ ಓದಿದ್ದೆ. ಆದ್ದರಿಂದ ಮೂರು ದಿನ ಬಿಡಬೇಕೆಂದು ನಿಶ್ಚಯಿಸಿದೆ. ಮೂರು ದಿನ ಕಳೆಯಿತು. ಅಕ್ಕ ತನ್ನ ಕೋಣೆಯಿಂದ, “ನನ್ನ ಕನ್ನಡಕ ಅದರಲ್ಲಿದೆ ಕಣೋ” ಎಂದಳು. “ಇರಲಿ ಅಕ್ಕ, ಇನ್ನೆರಡು ದಿನ” ಎಂದೆ. ಅವಳು ಮತ್ತೆ ಕೇಳಲಿಲ್ಲ. ನಾನೂ ಮತ್ತೆ ನೆನೆಯಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ಅಷ್ಟು ದಿನವೂ ಬರಬೇಡವೆಂದು ನಾವೇ ಹೇಳಿದ್ದ ಮನೆಗೆಲಸದಾಕೆ ಕೆಲಸಕ್ಕೆ ಬಂದಳು. ಬಟ್ಟೆ ಹರವುವುದಕ್ಕೆ ತಾರಸಿಗೆ ಹೋದವಳು ಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದು ಬಂದಳು. ಬಟ್ಟೆಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕಿದಳು. ಕನ್ನಡಕವನ್ನು ನಲ್ಲಿಯ ಕೆಳಗೆ ತೊಳೆದು, ಸೆರಗಿನಿಂದ ಒರೆಸಿ, ಅಕ್ಕನ ಕೈಗೆ ಕೊಟ್ಟಳು. “ಇದನ್ನ ಯಾಕೆ ಸಾರ್ ಮೇಲಿಟ್ಟಿದ್ರಿ?” ಎಂದು ನನ್ನನ್ನು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟನ್ನೂ ಅವಳು ಮಾಡುತ್ತಿದ್ದಾಗ ನಾನು ಅಲ್ಲಿಯೇ ನಿಂತಿದ್ದೆ, ಬೇಡವೆನ್ನಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಆಕೆಯ ಪ್ರಶ್ನೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ಮೊದಲ ಮೂರು ದಿನಗಳಿಗೆ ಲೆಕ್ಕ ಕೊಡಬಲ್ಲೆ. ಅವು ಎಚ್ಚರಿಕೆಯ ದಿನಗಳು. ಉಳಿದ ಏಳು ದಿನಗಳಿಗೆ ಏನೆಂದು ಹೆಸರಿಡಬೇಕು?

ಈ ಪ್ರಶ್ನೆಯನ್ನು ನ್ಯಾಯವಾಗಿ ವಿಚಾರಿಸಬೇಕಾದರೆ, ಮೊದಲು ಅಂಥ ಕೋಣೆಗಳಲ್ಲಿ ನಿಜವಾಗಿ ಏನಿರುತ್ತದೆಂಬುದನ್ನು ತಿಳಿಯಬೇಕು. 2020ರ ಆರಂಭದಲ್ಲಿ ಸಿಂಗಪುರದ ವೈದ್ಯರು ಮೂವರು ಕೋವಿಡ್ ರೋಗಿಗಳ ಕೋಣೆಗಳನ್ನು ಪರೀಕ್ಷಿಸಿದರು. ಒಂದು ಕೋಣೆಯನ್ನು ದಿನದ ಶುಚಿಕಾರ್ಯ ನಡೆಯುವುದಕ್ಕೆ ಮುಂಚೆಯೇ ನೋಡಿದರು. ಆ ರೋಗಿಗೆ ಶ್ವಾಸಕೋಶದ ಬಾಧೆಯೂ ಇರಲಿಲ್ಲ, ಕಾಯಿಲೆ ಸೌಮ್ಯವಾದದ್ದೇ. ಆದರೂ ಮಂಚದ ಕಂಬಿ, ದೀಪದ ಸ್ವಿಚ್ಚು, ಕಿಟಕಿಯ ಗಾಜು ಮೊದಲಾಗಿ 15 ಕಡೆ ಒರೆಸಿ ನೋಡಿದರೆ 13 ಕಡೆ ವೈರಸ್ಸಿನ ಕುರುಹು ಸಿಕ್ಕಿತು. ಶೌಚಾಲಯದ 5 ಕಡೆಗಳಲ್ಲಿ 3 ಕಡೆ ಸಿಕ್ಕಿತು. ಕೋಣೆಯ ಹೊರಗಿನ ಓಣಿಯಲ್ಲಿ ಮಾತ್ರ ಏನೂ ಇರಲಿಲ್ಲ. ಉಳಿದ ಎರಡು ಕೋಣೆಗಳನ್ನು ನಿತ್ಯದ ಶುಚಿಕಾರ್ಯ ಮುಗಿದ ಮೇಲೆ ನೋಡಿದರು. ಅಲ್ಲಿ ಒಂದು ಕಡೆಯೂ ಕುರುಹು ಕಾಣಲಿಲ್ಲ.

ಈ ವರದಿಯ ಮೊದಲರ್ಧವನ್ನು ಲೋಕವೆಲ್ಲ ಓದಿತು. ಎರಡನೆಯ ಅರ್ಧವನ್ನು ಓದುವಷ್ಟು ತಾಳ್ಮೆ ನಮ್ಮಲ್ಲಿ ಅನೇಕರಿಗೆ ಇರಲಿಲ್ಲ. ಹದಿನೈದರಲ್ಲಿ ಹದಿಮೂರು ಎಂಬುದು ಮನಸ್ಸಿನಲ್ಲಿ ಉಳಿಯಿತು. ಒರೆಸಿದ ಮೇಲೆ ಸೊನ್ನೆ ಎಂಬುದು ಉಳಿಯಲಿಲ್ಲ.

ಮತ್ತೊಂದು ಸಂಗತಿ. ಪರೀಕ್ಷೆಯಲ್ಲಿ ಸಿಕ್ಕಿದ್ದು ವೈರಸ್ಸಿನ ಆರ್‌ಎನ್‌ಎ ಎಂಬ ಅಂಶ. ಅದು ಜೀವಂತ ವೈರಸ್ಸಿನಲ್ಲಿಯೂ ಇರುತ್ತದೆ, ನಿಷ್ಕ್ರಿಯವಾದದ್ದರಲ್ಲಿಯೂ ಇರುತ್ತದೆ. ಕಣದಲ್ಲಿ ಹೊಟ್ಟು ಬಿದ್ದಿದ್ದರೆ ಅಲ್ಲಿ ಭತ್ತ ಬಡಿದರೆಂದು ಹೇಳಬಹುದು; ಆ ಹೊಟ್ಟನ್ನು ಬಿತ್ತಿದರೆ ಪೈರು ಬರುವುದಿಲ್ಲ. ಜೀವಂತ ವೈರಸ್ಸು ಎಷ್ಟು ಹೊತ್ತು ಉಳಿಯುತ್ತದೆಂಬುದನ್ನು ಅಮೆರಿಕದ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೇರೆಯಾಗಿ ಅಳೆದು, 2020ರ ಮಾರ್ಚಿಯಲ್ಲಿ ಪ್ರಕಟಿಸಿದರು: ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಯವರೆಗೆ, ಉಕ್ಕಿನ ಮೇಲೆ 48, ರಟ್ಟಿನ ಮೇಲೆ 24, ತಾಮ್ರದ ಮೇಲೆ 4. ತಾಮ್ರದ ಹೆಸರು ಕೇಳಿದೊಡನೆ ನಮ್ಮ ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತೆಂದು ಸಾರಿದವರುಂಟು, ಅದು ಹಾಗಿರಲಿ. ಮುಖ್ಯವಾದ ಮಾತು ಬೇರೆ. 72 ಗಂಟೆಗಳವರೆಗೂ ವೈರಸ್ಸು ಮೊದಲಿನ ಬಲದಲ್ಲಿಯೇ ಕಾದು ಕುಳಿತಿರುವುದಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಸುಮಾರು ಏಳು ಗಂಟೆಗೊಮ್ಮೆ ಅದು ಅರ್ಧವಾಗುತ್ತದೆ. ಆ ಅರ್ಧ ಮತ್ತೆ ಅರ್ಧವಾಗುತ್ತದೆ. ಸೋಪಿನ ನೀರು ಬಿದ್ದರೆ ಅಷ್ಟು ಕಾಯಬೇಕಾಗಿಯೂ ಇಲ್ಲ. ಈ ವೈರಸ್ಸಿನ ಮೇಲಿರುವುದು ಕೊಬ್ಬಿನ ಒಂದು ತೆಳುವಾದ ಹೊದಿಕೆ. ಎಣ್ಣೆ ಪಾತ್ರೆಯ ಜಿಡ್ಡು ಬಿಡುವ ಹಾಗೆಯೇ ಅದೂ ಸೋಪಿಗೆ ಬಿಟ್ಟುಹೋಗುತ್ತದೆ. 2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗನಿಯಂತ್ರಣ ಕೇಂದ್ರ, ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಕಾಯಿಲೆ ಬರುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಮೆ ಎಂದು ಹೇಳಿತು. ಆ ರೋಗ ಮುಖ್ಯವಾಗಿ ಬಂದದ್ದು ಉಸಿರಿನ ದಾರಿಯಲ್ಲಿ.

ಹಾಗಾದರೆ ನಾವು ತರಕಾರಿಗೆ ಸೋಪು ಹಚ್ಚಿದ್ದು, ಪತ್ರಿಕೆಯನ್ನು ಬಾಗಿಲ ಹೊರಗೇ ಬಿಟ್ಟದ್ದು, ಹಾಲಿನ ಪೊಟ್ಟಣವನ್ನು ಮೂರು ಸಲ ತೊಳೆದದ್ದು ಎಲ್ಲ ಹುಚ್ಚೇ ಎಂದು ಕೇಳಬಹುದು. ಅಷ್ಟು ಸುಲಭವಾಗಿ ನಕ್ಕುಬಿಡುವುದು ನ್ಯಾಯವಲ್ಲ. ಎಲ್ಲ ರೋಗವೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಹೊಸ ರೋಗ ಬಂದ ದಿನ, ಅದರ ದಾರಿ ಯಾವುದೆಂದು ಯಾರ ಹಣೆಯ ಮೇಲೂ ಬರೆದಿರುವುದಿಲ್ಲ.

ಬಾಂಗ್ಲಾದೇಶದಲ್ಲಿ ನಿಪಾ ರೋಗದ ವಿಷಯವಾಗಿ ನಡೆದ ಒಂದು ಪರೀಕ್ಷೆಯನ್ನು ನೆನೆಯುತ್ತೇನೆ. ನಿಪಾ ಕೋವಿಡ್ಡಿಗಿಂತ ಬಹಳ ಕ್ರೂರವಾದದ್ದು. ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯದ ಸಂದರ್ಭಗಳೇ ಬಹಳ. 2013ರ ಡಿಸೆಂಬರಿನಿಂದ 2014ರ ಏಪ್ರಿಲಿನವರೆಗೆ ಅಲ್ಲಿ ಆರು ಮಂದಿ ರೋಗಿಗಳ ಸುತ್ತಣ ವಸ್ತುಗಳನ್ನು ಒರೆಸಿ ನೋಡಿದರು. ಐವರ ಬಳಿ ವೈರಸ್ಸಿನ ಕುರುಹು ಇತ್ತು. ಎಲ್ಲಿ? ಮಂಚದ ಕಂಬಿಯಲ್ಲಿ ಒಬ್ಬರದು, ಹಾಸಿಗೆಯ ಬಟ್ಟೆಯಲ್ಲಿ ಮೂವರದು, ಟವೆಲಿನಲ್ಲಿ ನಾಲ್ವರದು.

ಕಂಬಿಗಿಂತ ಟವೆಲು ಹೆಚ್ಚು ಮಲಿನವಾದದ್ದು ಏಕೆ? ನಮ್ಮ ಕಡೆಯ ಆಸ್ಪತ್ರೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯೂ ರೋಗಿಯ ಶುಶ್ರೂಷೆಯ ಬಹುಭಾಗ ಮನೆಯವರದೇ. ಹೆಂಡತಿಯೋ ತಾಯಿಯೋ ಮಗನೋ ಮಂಚದ ಅಂಚಿನಲ್ಲಿ ಕುಳಿತು, ಬಾಯಿಂದ ಇಳಿದ ಜೊಲ್ಲನ್ನು, ಹಣೆಯ ಬೆವರನ್ನು ಒಂದು ಟವೆಲಿನಿಂದ ಮತ್ತೆ ಮತ್ತೆ ಒರೆಸುತ್ತಾರೆ. ನಿಪಾ ವೈರಸ್ಸು ಇರುವುದು ಆ ಜೊಲ್ಲಿನಲ್ಲಿಯೇ. ಅಲ್ಲಿಗೆ, ರೋಗ ಹಿಡಿದದ್ದು ಪ್ರೀತಿಯ ದಾರಿಯನ್ನು. ಯಾವ ವಸ್ತು ರೋಗಿಗೆ ಅತ್ಯಂತ ಹಿತವಾದದ್ದೋ ಅದೇ ಉಳಿದವರಿಗೆ ಅತ್ಯಂತ ಅಪಾಯದ್ದಾಯಿತು. ಇದನ್ನು ಓದಿದ ಮೇಲೆ, ಭಯಪಡುವವರೆಲ್ಲ ಹೇಡಿಗಳು, ಪ್ರೀತಿ ಇದ್ದರೆ ಸಾಕು ಎಂಬ ಮಾತನ್ನು ನಾನು ಒಪ್ಪಲಾರೆ. ಪ್ರೀತಿ ಕೈ ತೊಳೆಯದೆ ಹೊರಟರೆ, ಪಕ್ಕದ ಹಾಸಿಗೆಗೆ ಸಾವನ್ನು ಕೊಂಡೊಯ್ಯುತ್ತದೆ.

ಆದರೆ ಭಯವೇ ಗೆದ್ದಿದ್ದರೆ ಆ ಆರು ಮಂದಿಯ ಬಾಯನ್ನು ಒರೆಸುವವರು ಯಾರಿರುತ್ತಿದ್ದರು? 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಗೆ ಅದೇ ನಿಪಾ ಬಂತು. ಪೇರಾಂಬ್ರದ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ಕಾಯಿಲೆಯ ಹೆಸರು ತಿಳಿಯುವುದಕ್ಕೆ ಮೊದಲೇ ಅದಕ್ಕೆ ತುತ್ತಾದವನೊಬ್ಬನ ಆರೈಕೆ ಮಾಡಿದವರು. ಅವರಿಗೂ ರೋಗ ತಗಲಿತು. ಎಳೆಯ ಮಕ್ಕಳಿಬ್ಬರನ್ನು ನೋಡಿಕೊಳ್ಳುವಂತೆ ಗಂಡನಿಗೆ ಒಂದು ಚೀಟಿ ಬರೆದಿಟ್ಟು ಮೇ 21ರಂದು ತೀರಿಕೊಂಡರು. ಅವರನ್ನು ಕೊಂಡಾಡುವುದು ಸುಲಭ. ಕೊಂಡಾಡಿ ಕೈ ತೊಳೆದುಕೊಳ್ಳುವುದು ಇನ್ನೂ ಸುಲಭ. ಅವರಿಗೆ ನಾವು ಸಲ್ಲಿಸಬೇಕಾಗಿದ್ದ ನಿಜವಾದ ಗೌರವವೆಂದರೆ, ರೋಗಿಯನ್ನು ಮುಟ್ಟಿಯೂ ಬದುಕಿರುವಂಥ ಏರ್ಪಾಡು.

ಆ ಏರ್ಪಾಡಿಗೇ ನಾವು ಇಂದು ಪ್ರತ್ಯೇಕ ಕೋಣೆ, ಕೈಗವಸು, ನಿಲುವಂಗಿ ಎಂದೆಲ್ಲ ಹೆಸರಿಟ್ಟಿದ್ದೇವೆ. ಹೊರನೋಟಕ್ಕೆ ಇದು ಮಡಿಯ ಹಾಗೆಯೇ ಕಾಣುತ್ತದೆ. ಒಳಗೆ ಹೋಗುವಾಗ ಬೇರೆ ಬಟ್ಟೆ, ಹೊರಗೆ ಬರುವಾಗ ಕೈಕಾಲು ತೊಳೆಯುವುದು, ಅದನ್ನು ಮುಟ್ಟಬೇಡ, ಇಲ್ಲಿ ನಿಲ್ಲಬೇಡ. ನಮ್ಮ ಅಜ್ಜಿ ಒದ್ದೆ ಸೀರೆಯನ್ನು ಕೋಲಿನಿಂದ ಎತ್ತಿ ಎತ್ತರದ ಗಳುವಿನ ಮೇಲೆ ಹರವುತ್ತಿದ್ದರು. ಮರುದಿನ ಅದನ್ನು ಕೋಲಿನಿಂದಲೇ ಇಳಿಸಿ ಉಡುವವರೆಗೆ ಮನೆಯ ಮಕ್ಕಳು ಯಾರೂ ಹತ್ತಿರ ಸುಳಿಯುವ ಹಾಗಿರಲಿಲ್ಲ. ನಾನು ಅಕ್ಕನ ಚೀಲವನ್ನು ಎತ್ತಿದ್ದೂ ಕೋಲಿನಿಂದಲೇ. “ನೋಡಿದಿರಾ, ಮಡಿಯೇ ಕೊನೆಗೂ ಗೆದ್ದಿತು, ವಿಜ್ಞಾನ ಅದನ್ನೇ ಹೇಳುತ್ತಿದೆ” ಎಂದು ಆ ದಿನಗಳಲ್ಲಿ ತೃಪ್ತಿಪಟ್ಟವರನ್ನು ನಾನು ಕಂಡಿದ್ದೇನೆ.

ಎರಡೂ ಒಂದೇ ಅಲ್ಲ. ವ್ಯತ್ಯಾಸ ಎಲ್ಲಿದೆಯೆಂಬುದನ್ನು ವಿಯೆನ್ನಾ ನಗರದ ಹಳೆಯ ಸಂಗತಿಯೊಂದು ಚೆನ್ನಾಗಿ ತೋರಿಸುತ್ತದೆ. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯರೂ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ, ಸೂಲಗಿತ್ತಿಯರ ವಿಭಾಗದಲ್ಲಿ ಸಾಯುತ್ತಿದ್ದವರಿಗಿಂತ ಬಹಳ ಹೆಚ್ಚು ಬಾಣಂತಿಯರು ಸಾಯುತ್ತಿದ್ದರು. 1846ರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು. ಸೆಮ್ಮೆಲ್ವೈಸ್ ಎಂಬ ವೈದ್ಯ ಕಾರಣವನ್ನು ಕಂಡುಹಿಡಿದ: ಹೆಣ ಕೊಯ್ದು ಪರೀಕ್ಷಿಸಿದ ಕೈಯಲ್ಲಿಯೇ ವೈದ್ಯರು ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಅವನು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. 1848ರಲ್ಲಿ ಸಾವು ನೂರಕ್ಕೆ ಒಂದರ ಸುಮಾರಿಗೆ ಇಳಿಯಿತು. ಆ ಜ್ವರ ವೈರಸ್ಸಿನದಲ್ಲ, ಬ್ಯಾಕ್ಟೀರಿಯದ್ದು. ನಮಗೆ ಬೇಕಾದ ಪಾಠಕ್ಕೆ ಅದರಿಂದ ಬಾಧೆಯಿಲ್ಲ. ವೈದ್ಯ ಸಮುದಾಯದಲ್ಲಿ ಬಹು ಮಂದಿ ಅವನ ಮಾತನ್ನು ಒಪ್ಪಲಿಲ್ಲ. ದೊಡ್ಡ ಮನುಷ್ಯರ ಕೈಯೇ ಮಲಿನವೆಂದರೆ ಒಪ್ಪುವುದು ಹೇಗೆ? 1865ರಲ್ಲಿ ಅವನು ಹುಚ್ಚಾಸ್ಪತ್ರೆಯಲ್ಲಿ ಸತ್ತ.

ಮಲಿನತೆಯ ಬಗ್ಗೆ ವಿಜ್ಞಾನ ಹೇಳಿದ ಮೊದಲನೆಯ ಮಾತೇ, ಅದು ಅಂತಸ್ತನ್ನು ನೋಡುವುದಿಲ್ಲವೆಂಬುದು. ನಮ್ಮ ಮೈಲಿಗೆ ಅಂತಸ್ತನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ಸೂತಕಕ್ಕೂ ಅವಧಿಯಿದೆಯಲ್ಲ ಎನ್ನಬಹುದು. ಇದೆ. ಮನುಧರ್ಮಶಾಸ್ತ್ರ ಬ್ರಾಹ್ಮಣನಿಗೆ ಹತ್ತು ದಿನ, ಕ್ಷತ್ರಿಯನಿಗೆ ಹನ್ನೆರಡು, ವೈಶ್ಯನಿಗೆ ಹದಿನೈದು, ಶೂದ್ರನಿಗೆ ಒಂದು ತಿಂಗಳು ಎಂದು ಲೆಕ್ಕ ಕೊಡುತ್ತದೆ. ಸಾವು ಒಂದೇ, ದುಃಖ ಒಂದೇ. ಮೈಲಿಗೆ ಮಾತ್ರ ಹುಟ್ಟನ್ನು ಕೇಳಿಕೊಂಡು ಇಳಿಯುತ್ತದೆ. ಈ ಲೆಕ್ಕದ ಹೊರಗೇ ನಿಲ್ಲಿಸಿದ್ದ ಜನಕ್ಕಂತೂ ಅದು ಇಳಿಯುವುದೇ ಇಲ್ಲ. ಅವರು ಮಿಂದರೂ ಮೈಲಿಗೆ, ಮೀಯದಿದ್ದರೂ ಮೈಲಿಗೆ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಒಟ್ಟಿಗೆ ಅಲ್ಲಗಳೆದದ್ದು ಸುಮ್ಮನೆ ಅಲ್ಲ. ಎಂಜಲನ್ನೂ ಜಾತಿಯನ್ನೂ ಒಂದೇ ಪಟ್ಟಿಗೆ ಸೇರಿಸಿದ ಮನಸ್ಸು ಯಾವುದೆಂಬುದು ಅವರಿಗೆ ಗೊತ್ತಿತ್ತು. ವೈರಸ್ಸಿಗೆ ಈ ವಿದ್ಯೆಗಳೊಂದೂ ತಿಳಿಯದು. ಅದು ಯಾರ ಬಾಟಲಿನ ಮೇಲಿದ್ದರೂ 72 ಗಂಟೆ. ಯಾರು ಸೋಪು ಹಾಕಿದರೂ ಹೋಗುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಮಡಿಯುಡುವುದು ಮುಟ್ಟದೆ ಇರುವುದಕ್ಕಾಗಿ. ಕೈಗವಸು ತೊಡುವುದು ಮುಟ್ಟುವುದಕ್ಕಾಗಿ. ನರ್ಸು ಆ ಬಿಗಿಯಾದ ನಿಲುವಂಗಿಯಲ್ಲಿ ಬೆವರುತ್ತ ನಿಂತಿರುವುದು ರೋಗಿಯಿಂದ ದೂರ ಹೋಗುವುದಕ್ಕಲ್ಲ, ಅವನ ಹತ್ತಿರ ಬರುವುದಕ್ಕೆ. ಯಾವುದೇ ಎಚ್ಚರಿಕೆಯನ್ನು ಈ ಒಂದು ಪ್ರಶ್ನೆಯಿಂದ ಒರೆಗೆ ಹಚ್ಚಬಹುದೆಂದು ತೋರುತ್ತದೆ: ಇದು ನನ್ನನ್ನು ಆ ಮನುಷ್ಯನ ಬಳಿಗೆ ಕರೆದೊಯ್ಯುತ್ತದೆಯೋ, ಅವನನ್ನು ಬಿಟ್ಟುಬಿಡುವುದಕ್ಕೆ ಒಂದು ಮರ್ಯಾದೆಯ ನೆಪವಾಗುತ್ತದೆಯೋ?

2020ರಲ್ಲಿ ಈ ಒರೆಗೆ ನಾವು ಸಾಕಷ್ಟು ಸಿಕ್ಕಿದೆವು. ಏಪ್ರಿಲಿನಲ್ಲಿ, ಚೆನ್ನೈಯಲ್ಲಿ ಕೋವಿಡ್ಡಿನಿಂದ ಸತ್ತ ವೈದ್ಯರೊಬ್ಬರ ದೇಹವನ್ನು ಹೂಳಲು ಬಿಡದೆ ಜನ ಕಲ್ಲು ತೂರಿದರು. ಅವರ ಸ್ನೇಹಿತರಾದ ಇನ್ನೊಬ್ಬ ವೈದ್ಯರು ರಾತ್ರಿಯಲ್ಲಿ ತಾವೇ ಮಣ್ಣು ಹಾಕಬೇಕಾಯಿತು. ಜೂನ್ ಕೊನೆಯಲ್ಲಿ, ನಮ್ಮ ಬಳ್ಳಾರಿಯಲ್ಲಿ ದೇಹಗಳನ್ನು ಒಂದರ ಮೇಲೊಂದು ಗುಂಡಿಗೆ ಎಸೆಯುತ್ತಿದ್ದ ದೃಶ್ಯವನ್ನು ನಾಡೆಲ್ಲ ಕಂಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಎಸೆದವರು ಮೈತುಂಬ ರಕ್ಷಣೆಯ ಉಡುಪು ತೊಟ್ಟಿದ್ದರು. ಎತ್ತಿ ಎಸೆಯುವುದಕ್ಕಿಂತ ಎತ್ತಿ ಇಳಿಸುವುದರಲ್ಲಿ ಹೆಚ್ಚಿನ ಅಪಾಯ ಇರಲಿಲ್ಲ. ಅಲ್ಲಿದ್ದದ್ದು ಎಚ್ಚರಿಕೆಯನ್ನು ಮೀರಿದ್ದು.

ಎಚ್ಚರ ಸ್ವಲ್ಪ ಹೆಚ್ಚಾದರೆ ನಷ್ಟವೇನು, ಕಡಮೆಯಾದರಲ್ಲವೆ ಕಷ್ಟ ಎಂದು ಬುದ್ಧಿವಂತರು ಕೇಳುತ್ತಾರೆ. ನಾನೂ ಆ ಏಳು ದಿನ ಹೀಗೆಯೇ ಹೇಳಿಕೊಂಡಿದ್ದೆನೆಂದು ಕಾಣುತ್ತದೆ. ಈ ವಾದದಲ್ಲಿ ಒಂದು ಮೋಸವಿದೆ. ಹೆಚ್ಚಾದ ಎಚ್ಚರಕ್ಕೂ ಬೆಲೆಯುಂಟು; ಅದನ್ನು ತೆರುವವರು ಬೇರೆಯವರಾದ್ದರಿಂದ ನಮಗೆ ಅದು ಪುಕ್ಕಟೆಯಾಗಿ ಕಾಣುತ್ತದೆ. ನನ್ನ ಎಚ್ಚರದ ಬೆಲೆಯನ್ನು ಮೊದಲು ತೆತ್ತವಳು ಅಕ್ಕ. ಸಾವಿನ ಬಾಗಿಲಿನಿಂದ ಬಂದವಳು, ಹಗಲೆಲ್ಲ ಓದುವ ಅಭ್ಯಾಸದವಳು, ಹತ್ತು ದಿನ ಕನ್ನಡಕವಿಲ್ಲದೆ ಗೋಡೆ ನೋಡಿಕೊಂಡು ಕುಳಿತಳು. ಆಮೇಲೆ ತೆತ್ತವಳು ಕೆಲಸದಾಕೆ. ಚೀಲದಲ್ಲಿ ಅಪಾಯವಿಲ್ಲವೆಂದು ನಾನು ನಂಬಿದ್ದರೆ ಅದನ್ನು ನಾನೇ ತರಬಹುದಿತ್ತು. ಅಪಾಯವಿದೆಯೆಂದು ನಂಬಿದ್ದರೆ ಅವಳನ್ನು ತಡೆಯಬೇಕಾಗಿತ್ತು. ನಾನು ಎರಡನ್ನೂ ಮಾಡಲಿಲ್ಲ. ನನಗೆ ಬಾರದಿರಲಿ, ಅವಳಿಗೆ ಬಂದರೆ ಬರಲಿ ಎಂದು ನಾನು ಯೋಚಿಸಲಿಲ್ಲ, ನಿಜ. ಹಾಗೆ ಯೋಚಿಸಬೇಕಾದ ಅಗತ್ಯವೇ ಬೀಳದಂತೆ ನನ್ನ ಹಿಂದಿನ ತಲೆಮಾರುಗಳು ಏರ್ಪಾಡು ಮಾಡಿದ್ದವು.

ಸಿಂಗಪುರದ ವರದಿಯಲ್ಲಿ “ಶುಚಿಕಾರ್ಯ ಮುಗಿದ ಮೇಲೆ” ಎಂಬ ಒಂದು ಮಾತಿದೆ. ಆ ಮಾತಿನ ಹಿಂದೆ ಬಕೆಟ್ಟು ಹಿಡಿದ ಒಬ್ಬ ಮನುಷ್ಯನಿದ್ದಾನೆ. ಕೈ ಹೆಚ್ಚಾಗಿ ತಗಲುವ ಜಾಗಗಳನ್ನು ದಿನಕ್ಕೆ ಎರಡು ಸಲ ಒರೆಸಬೇಕೆಂಬುದು ಅಲ್ಲಿನ ನಿಯಮ. ಹದಿಮೂರನ್ನು ಸೊನ್ನೆ ಮಾಡಿದವನು ಅವನೇ. ವರದಿಯಲ್ಲಿ ಅವನ ಹೆಸರಿಲ್ಲ. ಯಾವ ದೇಶದ ವರದಿಯಲ್ಲಿಯೂ ಇರುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಆ ಕೆಲಸ ಯಾರ ಮನೆಯವರಿಗೆ ತಲೆತಲಾಂತರದಿಂದ ಬಂದದ್ದೆಂಬುದನ್ನು ಹೇಳಬೇಕಾಗಿಲ್ಲ. ಕೋಣೆಯನ್ನು ಮುಟ್ಟಲು ಯೋಗ್ಯವಾಗಿ ಮಾಡುವವರನ್ನೇ ನಾವು ಮುಟ್ಟಬಾರದವರೆಂದು ಕರೆದೆವು.

ರೋಗ ವಸ್ತುಗಳಿಂದ ಹರಡಬಹುದೆಂದು 1546ರಲ್ಲಿ ಬರೆದ ಇಟಲಿಯ ಫ್ರಕಾಸ್ಟೊರೊ, ಅಂಥ ವಸ್ತುಗಳಿಗೆ ಒಂದು ಲ್ಯಾಟಿನ್ ಹೆಸರನ್ನು ಕೊಟ್ಟ. ಕಿಡಿ ಬಿದ್ದರೆ ಒಳಗೊಳಗೇ ಹೊಗೆಯಾಡುವ ಒಣಪುಳ್ಳೆ ಎಂದು ಅದರ ಅರ್ಥ. ಒಳ್ಳೆಯ ಹೋಲಿಕೆ. ಪುಳ್ಳೆಯ ಕಿಡಿ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ, ನೀರು ಚಿಮುಕಿಸಿದರೆ ಆಗಲೇ ಆರುತ್ತದೆ. ಮನಸ್ಸಿಗೆ ಬಿದ್ದ ಕಿಡಿಗೆ ಆ ಗುಣವಿಲ್ಲ. ಅಲ್ಲಿ ಹಳೆಯ ಸೌದೆಯ ರಾಶಿಯೇ ಒಟ್ಟಿರುತ್ತದೆ.

ಒಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಚೀಲ ತಾರಸಿಯ ಮೇಲೆ ಇದ್ದದ್ದು ಸರಿಯಾಗಿ ಹತ್ತು ದಿನ. ಹನ್ನೊಂದನೆಯ ದಿನ ಅದು ಇಳಿಯಿತು. ನಮ್ಮ ಮನೆತನದಲ್ಲಿ ಸಾವಿನ ಸೂತಕಕ್ಕೂ ಅಷ್ಟೇ ದಿನ. ಕಾಕತಾಳೀಯವೇ ಇದ್ದೀತು, ಕೆಲಸದಾಕೆ ಎರಡು ದಿನ ಮೊದಲು ಬಂದಿದ್ದರೆ ಈ ಲೆಕ್ಕ ಬರುತ್ತಿರಲಿಲ್ಲ. ಆದರೆ ಉಳಿದ ಏಳು ದಿನಗಳಿಗೆ ಏನೆಂದು ಹೆಸರಿಡಬೇಕೆಂದು ಕೇಳಿಕೊಂಡಾಗಲೆಲ್ಲ ನನಗೆ ಬೇರೆ ಹೆಸರು ಸಿಕ್ಕುವುದಿಲ್ಲ. ಬದುಕಿ ಬಂದ ಅಕ್ಕನಿಗೆ ನಾನು ಸೂತಕ ಹಿಡಿದಿದ್ದೆ.

ಅಂದು ಬೆಳಿಗ್ಗೆ ಕನ್ನಡಕ ಕೈಗೆ ಬಂದಾಗ ಅಕ್ಕ ಅದನ್ನು ಹಾಕಿಕೊಂಡು ಕೆಲಸದಾಕೆಯ ಮುಖವನ್ನು ಒಂದು ಕ್ಷಣ ನೋಡಿದಳು. “ಬಾಮ್ಮ, ಕೂತ್ಕೋ, ಮಕ್ಕಳು ಹೇಗಿದ್ದಾರೆ?” ಎಂದು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಈ ಹತ್ತು ದಿನದ ಹಳೆಯ ಪತ್ರಿಕೆಗಳೇನಾದರೂ ಇದ್ದರೆ ತಂದುಕೊಡು ಎಂದಳು. ನಾವು ಪತ್ರಿಕೆಯನ್ನೂ ನಿಲ್ಲಿಸಿಬಿಟ್ಟಿದ್ದೆವೆಂದು ನಾನು ಹೇಳಬೇಕಾಯಿತು.